ಹೆಚ್ಚುವರಿ ಮಣ್ಣು

ಸ್ಮಾರಕದ ಗೋಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿದೆ, ಕರಿಕಲ್ಲಿಗೆ ಇಷ್ಟು ಪಾಲಿಶ್ ಯಾಕೆ ಬೇಕಿತ್ತೋ, ಸತ್ತವರ ಹೆಸರುಗಳ ನಡುವೆ ನನ್ನದೇ ಮುಖ ಕಾಣುತ್ತದೆ, ಈ ಗೋಡೆ ಬೆಟ್ಟದ ಜೊತೆ ಮಾತಾಡುತ್ತದೆ ಅಂತ ವಾಸ್ತುಶಿಲ್ಪಿ ಮೈಕಿನಲ್ಲಿ ಹೇಳುತ್ತಿದ್ದಾರೆ, ಮಾತಾಡಲಿ ಪಾಪ, ಬೆಟ್ಟ ಒಂಬತ್ತು ವರ್ಷದ ಹಿಂದೆ ಒಂದೇ ಸಲ ಬಾಯಿಬಿಟ್ಟಿತ್ತು, ಕುಸಿದು ಕಾರ್ಮಿಕರ ಸಾಲುಮನೆಗಳನ್ನು ನುಂಗಿತ್ತು, ಹನ್ನೊಂದು ಜನ, ಹತ್ತು ದೇಹ ಸಿಕ್ಕವು, ಸಿಗದೇ ಹೋದವನು ನಮ್ಮಣ್ಣ — ಅಗೆಯುವವರು ಕೈಚೆಲ್ಲಿದ ಜಾಗದಲ್ಲಿ ಆಳೆತ್ತರದ ದಿಬ್ಬ ಉಳಿಯಿತು, ಹುಲ್ಲು ಬೆಳೆಯಿತು, ಅತ್ತಿಗೆ ವಾರವಾರ ಬಂದು ಅದರ ಪಕ್ಕ ಕೂತು ಮಗಳ ಪರೀಕ್ಷೆ, ಸೋರುವ ನಲ್ಲಿ, ನನ್ನ ಬೋಳುತಲೆ, ಎಲ್ಲದರ ವರದಿ ಒಪ್ಪಿಸುತ್ತಿದ್ದಳು, ನಿಮ್ಮಣ್ಣ ಈಗ್ಲೂ ಮಧ್ಯ ಬಾಯಿ ಹಾಕಲ್ಲ ನೋಡು ಅಂತ ನಗುತ್ತಿದ್ದಳು.

ಆ ದಿಬ್ಬವನ್ನು ನಕ್ಷೆಗೆ ಇಳಿಸಿದವನು ನಾನೇ, ಸರ್ವೇಯರು, ಅಣ್ಣನ ಸ್ಮಾರಕದ ಜಾಗ ನಾನೇ ಅಳೆಯುತ್ತೇನೆ ಅಂತ ಗೋಗರೆದು ಪಡೆದ ಕೆಲಸ, ನಮ್ಮ ಕಸುಬಿನಲ್ಲಿ ಮಟ್ಟದ ಗೆರೆಗಿಂತ ಮೇಲಿದ್ದದ್ದಕ್ಕೆಲ್ಲ ಒಂದೇ ಮಾತು, ಹೆಚ್ಚುವರಿ ಮಣ್ಣು, ಅಂದರೆ ತೆಗೆದು ಸಾಗಿಸಬೇಕಾದದ್ದು, ಇಪ್ಪತ್ತು ವರ್ಷ ಬರೆದೂ ಬರೆದೂ ಕೈ ತಾನಾಗಿ ಓಡುತ್ತದೆ, ಓಡಿತು, ಸಹಿಯನ್ನೂ ಹಾಕಿತು, ನಾನು ಇಲಾಖೆಯ ತರಬೇತಿಗೆ ಅಂತ ಊರು ಬಿಟ್ಟು ಹೋಗಿ ಬರುವಷ್ಟರಲ್ಲಿ ಲಾರಿಗಳು ದಿಬ್ಬವನ್ನು ಹೊತ್ತೊಯ್ದು ಯಾವುದೋ ರಸ್ತೆಯ ಹಳ್ಳಕ್ಕೆ ಸುರಿದಿದ್ದವು, ಮೂಳೆ ಏನಾದರೂ ಸಿಕ್ಕಿತಾ ಅಂದರೆ ಬರೀ ಕಲ್ಲು ಸಾರ್ ಅಂದ ಚಾಲಕ, ಮುಖ ನೋಡದೆ. ವಾಸ್ತುಶಿಲ್ಪಿ ಹೇಳಿದ್ದರು, ನಿಮ್ಮ ನಕ್ಷೆಯಲ್ಲೇ ಹಾಗಿತ್ತಲ್ಲ, ಮೇಲಾಗಿ ಅದು ಬೆಟ್ಟದ ನೋಟಕ್ಕೆ ಅಡ್ಡ ಬರ್ತಿತ್ತು — ಹೌದು ಸ್ವಾಮಿ, ನಮ್ಮಣ್ಣ ನೋಟಕ್ಕೆ ಅಡ್ಡ ಬರುತ್ತಿದ್ದ, ಈಗ ಸಪಾಟು, ಹಸಿರು ಹಾಸು, ನನಗೆ ನನ್ನ ಕೈ ಕಂಡರೇ ಅಸಹ್ಯ.

ಚಪ್ಪಾಳೆ ಮುಗಿಯಿತು, ಅತ್ತಿಗೆ ಹೆಸರಿನ ಮೇಲೆ ಬೆರಳಾಡಿಸಿ ಹುಲ್ಲಿನ ಕಡೆ ತಿರುಗಿದಳು, ಹೇಳಿಬಿಡು, ಈಗಲೇ, ಅಣ್ಣ ಇಲ್ಲಿಲ್ಲ ಅನ್ನು — ಅಷ್ಟರಲ್ಲಿ ಅವಳೇ ಅಂದಳು, ದಿಬ್ಬ ತಗ್ಗಿಸಿದ್ದು ಒಳ್ಳೇದೇ ಆಯ್ತು ಕಣೋ, ಅವರ ಮೇಲಿನ ಭಾರ ಇಳೀತು, ನೀನೇ ಅಳೆದವನಲ್ವಾ, ಅವರ ತಲೆ ಎಲ್ಲಿಗೆ ಬರುತ್ತೆ ಹೇಳು. ಬೆರಳು ತಾನಾಗಿ ಎದ್ದಿತು, ಎಲ್ಲೋ ಒಂದು ಕಡೆ ತೋರಿಸಿತು, ಅವಳು ಚಪ್ಪಲಿ ಬಿಟ್ಟಳು, ತಲೆ ತುಳಿಯದ ಹಾಗೆ ಆ ಖಾಲಿ ಹುಲ್ಲನ್ನು ಬಳಸಿಕೊಂಡು ಹೋಗುತ್ತಾಳೆ, ಸೆರಗು ಎತ್ತಿ ಹಿಡಿದು, ಮಗಳಿಗೂ ಸನ್ನೆ ಮಾಡುತ್ತಾಳೆ, ಅಲ್ಲಲ್ಲ, ಈ ಕಡೆಯಿಂದ ಬಾ, ಮಗಳೂ ಬಳಸಿಕೊಂಡು, ತುಳಿಯದ ಹಾಗೆ, ಬಳಸಿಕೊಂಡು