ಸಾಕ್ಷಿಗೆ ಸಿಗದ ಮೀನು

ಮಾವನವರ ಮೀನಿನ ಕಥೆಗಳನ್ನು ಮನೆಯಲ್ಲಿ ಎಲ್ಲರೂ ಬುರುಡೆ ಎನ್ನುತ್ತಿದ್ದರು. ಈ ಸಲ ಕಾಡಿನ ನಡುವಿನ ಹೊಳೆದಂಡೆಯ ಬಿಡಾರಕ್ಕೆ ಅವರು ಅಳಿಯನನ್ನೂ ಅವನ ಫೋನನ್ನೂ ಸಾಕ್ಷಿಗೆಂದು ಎಳೆದುಕೊಂಡು ಬಂದಿದ್ದರು. ಮೂರು ದಿನ ಗಾಳಕ್ಕೆ ಬರೀ ಜೊಂಡು ಸಿಕ್ಕಿತು. ಕೊನೆಯ ಬೆಳಗ್ಗೆ, ಅರ್ಧ ಗಂಟೆ ಜಗ್ಗಾಡಿ, ತೋಳುದ್ದದ ಹೊಂಬಣ್ಣದ ಮೀನೊಂದನ್ನು ದಡದ ಹತ್ತಿರ ತಂದರು. ಹಿಡಿದ ಮೀನನ್ನು ಹೊಳೆಗೇ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ.

"ಅಳಿಯಂದ್ರೇ, ಫೋನ್ ತೆಗೀರಿ. ಎತ್ತಿ ಹಿಡೀತೀನಿ."

"ಬೇಡಿ ಯಜಮಾನ್ರೇ, ಅದಕ್ಕೆ ತುಂಬಾ ಸುಸ್ತಾಗಿದೆ. ಎತ್ತಿದ್ರೆ ಬದುಕಲ್ಲ," ಎಂದ ಜೊತೆಗಿದ್ದ ಬಿಡಾರದ ದೋಣಿಯವನು. "ಅದರ ಮುಖ ಹರಿವಿಗೆ ಮಾಡಿ, ಚೇತರಿಸ್ಕೊಳ್ಳೋವರೆಗೂ ನೀರೊಳಗೇ ಹಿಡ್ಕೊಳ್ಳಿ."

ಕೆಂಪಗೆ ಕದಡಿದ ನೀರಿನಲ್ಲಿ ಮೀನು ಕಾಣುತ್ತಲೇ ಇರಲಿಲ್ಲ.

"ಒಂದೇ ಒಂದ್ಸಲ ಎತ್ತಿ ಮಾವ. ಇಲ್ದಿದ್ರೆ ಅತ್ತೆ ನಂಗೂ ಬುರುಡೆ ಪಟ್ಟ ಕಟ್ತಾರೆ."

ಮಾವನವರ ಅಂಗೈಗೆ ಕಿವಿರು ಮೆಲ್ಲಗೆ ಆಡುವುದು ತಿಳಿಯುತ್ತಿತ್ತು. ಅವರು ಎತ್ತಲಿಲ್ಲ, ಬಗ್ಗಿ ನಿಂತೇ ಇದ್ದರು. ಬಹಳ ಹೊತ್ತಿನ ಮೇಲೆ ಮೀನು ಬಾಲ ಬಡಿದು, ಅವರ ಮುಖಕ್ಕೆ ನೀರೆರಚಿ, ಹೊರಟುಹೋಯಿತು.

"ಏನು ಬಂತು ಫೋನಲ್ಲಿ?"

"ನಿಮ್ಮ ಬೆನ್ನು. ಬಟ್ಟೆ ಒಗೀತಿರೋ ಹಾಗಿದೆ."

ಮಾವನವರು ಮುಖ ಒರೆಸಿಕೊಂಡು ನಕ್ಕರು. "ಅದನ್ನೇ ಕಳ್ಸಿ. ನಾನು ಬಟ್ಟೆ ಒಗೆದೆ ಅಂದ್ರೆ ನಿಮ್ಮತ್ತೆ ಮೀನಿನ ಕಥೆಗಿಂತಲೂ ಕಮ್ಮಿ ನಂಬ್ತಾಳೆ."