ಮಸಿ ಪಾತ್ರೆಯ ಮದುವೆ

"ಮೇಜಿನ ಮೇಲೆ ಕುಂಡಿ ಊರ್ಬೇಡ ಅಂತ ಎಷ್ಟು ಸಲ ಬೊಗಳ್ಬೇಕೇ ನಿಂಗೆ, ಮುದಿಗೂಬೆ?"

ಸಭಾಂಗಣದ ಮ್ಯಾನೇಜರ್ ಕೂಗಿದ ಕೂಗಿಗೆ ಮುದುಕಿ ಬೆಚ್ಚಲಿಲ್ಲ. ಮೊಣಕಾಲು ನೀವಿಕೊಳ್ಳುತ್ತಾ, ಕೂತಲ್ಲಿಂದಲೇ ತುಸು ಪಕ್ಕಕ್ಕೆ ಸರಿದಳು, ಅವನಿಗೂ ಜಾಗ ಬಿಟ್ಟವಳ ಹಾಗೆ.

"ಬೊಗಳೋದು ನಿನ್ನಿಷ್ಟ ಕಣಪ್ಪ. ಎಣಿಸೋ ಕೆಲಸ ನಂಗ್ಯಾಕೆ?"

ಸುತ್ತ ನಿಂತು ಮೇಜಿನ ಅಲಂಕಾರಕ್ಕೆ ಹುಲ್ಲು ಕತ್ತರಿಸುತ್ತಿದ್ದ ಹೆಂಗಸರು ಹುಲ್ಲಿನೊಳಗೇ ಮುಖ ಹುದುಗಿಸಿ ನಕ್ಕರು. ಸೊಸೆ ಓಡಿಬಂದು ಮುದುಕಿಯ ರಟ್ಟೆ ಹಿಡಿದಳು.

"ಇಳಿ ಅತ್ತೆ. ಬಿಳೀ ಬಟ್ಟೆ ಮಾಸುತ್ತಂತೆ."

"ಮಾಸಿದ್ರೆ ಅದು ಅವ್ನ ಧಣಿ ತೋಟದ ಮಣ್ಣೇ ಕಣೇ. ನಾನೇನು ತೌರಿಂದ ತಂದಿದ್ದಲ್ಲ."

ಸೊಸೆಯನ್ನು ಎಲ್ಲರೂ ಕರೆಯುತ್ತಿದ್ದುದು ಮುಳ್ಳಿ ಎಂದು. ಧಣಿಯ ಹೂತೋಟದಲ್ಲಿ ಹನ್ನೆರಡು ವರ್ಷದಿಂದ ಗುಲಾಬಿ ಕಡ್ಡಿಯ ಮುಳ್ಳು ಬಿಡಿಸುವುದೇ ಅವಳ ಕೆಲಸ. ಬಿಡಿಸಿದ ಮುಳ್ಳೆಲ್ಲಾ ನಾಲಿಗೆಗೆ ಸೇರಿಕೊಂಡಿವೆ ಎಂದು ಜೊತೆಯವರು ಇಟ್ಟ ಹೆಸರು ಅದು. ಅತ್ತೆ ಅದೇ ತೋಟದಲ್ಲಿ ಕಳೆ ಕೀಳುವವಳು. ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಮನೆಗಳೊಳಗೆ, ಔಷಧಿಯ ಘಾಟಿನಲ್ಲಿ, ನಲವತ್ತು ವರ್ಷ ಬಗ್ಗಿ ಬಗ್ಗಿ ಅವಳ ಬೆನ್ನು ಕುಡುಗೋಲಾಗಿತ್ತು.

ಈಗ ಧಣಿಯ ಮಗಳ ಮದುವೆಯ ಆರತಕ್ಷತೆ. ವಿಮಾನ ಹತ್ತಿ ಹೋಗುವಂಥ ಗುಲಾಬಿ ಬೆಳೆಯುವ ಮನೆ, ಮೇಜಿನ ಮೇಲೆ ಗುಲಾಬಿಯ ಗುಡ್ಡವೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಮಗಳು ಗುಲಾಬಿ ಬೇಡವೆಂದಳು. ಅವಳಿಗೆ ರಸ್ಟಿಕ್ ಬೇಕಿತ್ತು, ಹಳ್ಳಿಮನೆಯ ಸೊಗಡು.

ಆ ಮಾತನ್ನು ಮೊದಲು ಕೂಲಿಯವರ ಲೈನ್ ಮನೆಗಳಿಗೆ ತಂದವಳು ಅಲಂಕಾರದ ಮೇಡಂ. ಮೂರು ದಿನದ ಹಿಂದೆ ತೋಟದ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಬಂದಿದ್ದಳು. ಕಾಲಿಗೆ ಕೆಸರು ತಾಗದಂತೆ ಕೊಕ್ಕರೆಯ ಹಾಗೆ ಹೆಜ್ಜೆ ಎತ್ತೆತ್ತಿ ಇಡುತ್ತಿದ್ದಳು.

"ರಸ್ಟಿಕ್ ಅಂದ್ರೆ ಏನಮ್ಮಾ?" ಎಂದು ಒಬ್ಬಳು ಕೇಳಿದ್ದಕ್ಕೆ, ಮೇಡಂ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವಳು ಉತ್ತರ ಕೊಟ್ಟಿದ್ದಳು. ಅವಳ ಗಂಡ ಗ್ಯಾರೇಜಿನವನು.

"ರಸ್ಟ್ ಅಂದ್ರೆ ತುಕ್ಕು ಕಣೇ. ತುಕ್ಕು ಹಿಡಿದ ಮದುವೆ ಬೇಕಂತೆ."

"ಅದಕ್ಯಾಕೆ ಇಷ್ಟು ಅವಸರ? ಮದುವೆ ಆಗ್ಲಿ, ತುಕ್ಕು ತಾನಾಗೇ ಹಿಡಿಯುತ್ತೆ" ಎಂದಳು ಅತ್ತೆ.

ಮೇಡಂ ನಗಲಿಲ್ಲ. ಅವಳ ಕಣ್ಣೆಲ್ಲಾ ಒಲೆಗಳ ಮೇಲಿತ್ತು. ಸೊಟ್ಟಗಾದ ಕೆಟಲ್ಲು, ಅಂಚು ಮುರಿದ ಮಡಕೆ, ತಳ ಬೆಸೆದ ಬಕೆಟ್ಟು, ಹಾಲಿನ ಕ್ಯಾನು, ಬಣ್ಣ ಹೋದ ಡಬ್ಬ ಎಲ್ಲವನ್ನೂ ಎತ್ತಿ, ತಿರುಗಿಸಿ ನೋಡಿ, "ಅಯ್ಯೋ, ಈ ಮಸಿ ಎಷ್ಟು ಚೆನ್ನಾಗಿದೆ!" ಎಂದು ಎದೆಗಪ್ಪಿಕೊಂಡಳು. ಮೇಸ್ತ್ರಿ ಎಂಟು ಮನೆಯಿಂದ ಇಪ್ಪತ್ತು ಪಾತ್ರೆ ಹೊರಗಿಡಿಸಿದ. ಕೇಳಿದ್ದಕ್ಕೆ, "ಮದುವೆ ಮುಗಿದ ಸಂಜೆಗೇ ವಾಪಸ್ಸು. ಧಣಿ ಮನೆಯವ್ರು ನಿಮ್ಮ ತೂತು ಚೆಂಬು ನುಂಗ್ತಾರೇನೇ?" ಎಂದ.

ಗ್ಯಾರೇಜಿನವನ ಹೆಂಡತಿಗೆ ಮಾತ್ರ ಮಸಿ ಪಾತ್ರೆ ಮದುವೆಗೆ ಹೋಗುವುದೆಂದರೆ ಮಾನ ಹೋದಂತೆ ಅನ್ನಿಸಿ, ಕೊಡುವ ಮೊದಲು ಬೂದಿ ಹಾಕಿ ಫಳಫಳ ತಿಕ್ಕಿ ತಂದಳು. ನೋಡಿದ ಮೇಡಂ ಅಳುವುದೊಂದು ಬಾಕಿ. ಗ್ಯಾರೇಜಿನವನ ಹೆಂಡತಿ ಮತ್ತೆ ಒಲೆ ಹೊತ್ತಿಸಿ, ಹಸಿ ಸೌದೆ ಇಟ್ಟು, ಕಣ್ಣೀರು ಸುರಿಸುತ್ತಾ ಇಡೀ ಮಧ್ಯಾಹ್ನ ಖಾಲಿ ಪಾತ್ರೆಗೆ ಹೊಗೆ ಹಿಡಿಸಿದಳು.

ಆ ಮೂರು ದಿನ ಎಂಟು ಮನೆಗೆ ಉಳಿದಿದ್ದು ಒಂದೇ ದೊಡ್ಡ ಪಾತ್ರೆ. ಅದರಲ್ಲಿ ಸರದಿಯ ಮೇಲೆ ಅನ್ನವಾಯಿತು, ಅದರಲ್ಲೇ ಕೂಸುಗಳ ಸ್ನಾನಕ್ಕೆ ನೀರು ಕಾಯಿತು.

ಮೇಜಿಗೆ ಬೇಕಾದ ಹೂವು ಹುಡುಕುವ ಕೆಲಸ ಇನ್ನೂ ತಮಾಷೆಯದು. ಮೇಡಂ ಕೊಟ್ಟ ಚಿತ್ರದಲ್ಲಿದ್ದುದೆಲ್ಲಾ ಕಳೆ! ಹುಲ್ಲಿನ ತೆನೆ, ಜೊಂಡು, ಬೇಲಿಸಾಲಿನ ಹಳದಿ ಹೂವು, ಯಾವ ದನವೂ ಮೂಸದ ಒಂದು ಬಿಳಿ ಹೂವಿನ ಪೊದೆ. ಒಂದು ಎಳೆ ಉಳಿದರೂ ಅರ್ಧ ದಿನದ ಕೂಲಿ ಮುರಿಯುತ್ತಿದ್ದ ಮೇಸ್ತ್ರಿ ಈಗ ಅದನ್ನೇ ಹುಡುಕಿ ತನ್ನಿ ಎಂದು ಬೆನ್ನು ಹತ್ತಿದ. ಅತ್ತೆ ಬೇಲಿಯ ಪಕ್ಕ ನಿಂತು, ಆ ಬಿಳಿ ಪೊದೆಯನ್ನು ದಿಟ್ಟಿಸಿ ನೋಡಿದ್ದಳು.

"ನಲವತ್ತು ವರ್ಷ ನಿನ್ನ ವಂಶ ಕಿತ್ತಿದ್ದೀನಿ ಕಣಪ್ಪಾ. ಈಗ ನೀನು ಧಣಿ ಬೀಗ. ತಪ್ಪಾಯ್ತು ಅನ್ನು ಅಂದ್ರೆ ಅಂತೀನಿ."

ಸಭಾಂಗಣದಲ್ಲಿ ಬೆಳಗಿನಿಂದ ಕೆಲಸ ಸಾಗಿತ್ತು. ಇಪ್ಪತ್ತು ದುಂಡು ಮೇಜು, ಒಂದೊಂದರ ಮೇಲೂ ಬಿಳಿ ಬಟ್ಟೆ, ಅದರ ಮೇಲೆ ಕತ್ತರಿಸಿದ ಗೋಣಿ, ನಡುವೆ ಪಾತ್ರೆ. ಮೇಡಂ ಹಿಂದೆ ಹಿಂದೆ ತಿರುಗುತ್ತಾ, "ಸುಮ್ನೆ ಹಾಗೇ ಇಟ್ಟುಬಿಟ್ಟ ಹಾಗೆ ಕಾಣ್ಬೇಕು. ಆದ್ರೆ ಸುಮ್ನೆ ಹಾಗೇ ಇಡಬಾರ್ದು" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಮುಳ್ಳಿಯ ಕೈಗೆ ಅದು ಎರಡನೇ ಮೇಜಿಗೇ ಸಿದ್ಧಿಸಿತು. ಮುಂದೆ ಎತ್ತರದ ಜೊಂಡು ನಿಲ್ಲಿಸದೆ ಹಿಂದಕ್ಕೆ ವಾಲಿಸಿ, ಹಳದಿ ಹೂವನ್ನು ಮಡಕೆಯ ಮುರುಕು ಅಂಚಿನಿಂದ ಇಣುಕಿಸಿದಳು. ದೂರ ನಿಂತು ನೋಡಿದಾಗ, ತನ್ನ ಒಲೆಯ ಮೇಲೆ ದಿನಾ ಕೂರುವ ಆ ಕರೀ ಮಡಕೆ ಇಷ್ಟು ಚಂದವೇ ಎಂದು ಅವಳಿಗೇ ಬೆರಗಾಯಿತು.

"ಅತ್ತೆ, ನೋಡು ನಮ್ಮ ಮಡಕೇನ."

"ಹೂಂ. ನನ್ನ ಗಂಡ ತಂದು ಹಾಕಿದ್ದು ಅದೊಂದೇ. ಅವ್ನು ಹೋದ, ಮಡಕೆ ಉಳೀತು. ಎರಡರಲ್ಲಿ ಒಂದು ಹೋಗ್ಬೇಕು ಅಂದಾಗ ಸರಿಯಾದ್ದೇ ಹೋಯ್ತು ಬಿಡು."

ಆ ಹೊತ್ತಿಗೆ ಧಣಿ ಬಂದ. ಹೊಸ ಬಟ್ಟೆಯ ಗರಿಗರಿಯಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತಾ ಮೇಜುಗಳ ನಡುವೆ ಹಾದುಹೋದ. ಮುಳ್ಳಿಯ ಮಡಕೆಯ ಎದುರು ನಿಂತು, ಬೆರಳಿನಿಂದ ಮಸಿ ಮುಟ್ಟಿ, "ವಾಹ್. ಇದನ್ನ ನಮ್ಮ ಮೇಜಿಗೇ ಇಡಿ" ಎಂದ. ಮೇಲಕ್ಕೆತ್ತಿದ ಕಣ್ಣಿಗೆ ಮುಳ್ಳಿ ಬಿದ್ದಳು. ಮುಖ ಸಿಂಡರಿಸಿ ಮ್ಯಾನೇಜರ್ ಕಡೆ ತಿರುಗಿದ.

"ಇವುಗಳ್ನ ಯಾಕೆ ಇನ್ನೂ ಇಟ್ಕೊಂಡಿದ್ದೀಯಾ? ಜನ ಬರೋ ಹೊತ್ತಿಗೆ ಒಂದು ಮೂತೀನೂ ಇಲ್ಲಿ ಕಾಣ್ಬಾರ್ದು. ಥೂ, ಗೊಬ್ಬರದ ನಾತ."

ಮ್ಯಾನೇಜರ್ ಸುವಾಸನೆಯ ಡಬ್ಬಿ ತಂದು ಹೆಂಗಸರು ನಿಂತಿದ್ದ ಜಾಗಕ್ಕೆ ಸಿಂಪಡಿಸಿದ. ಅವರಿನ್ನೂ ಅಲ್ಲೇ ನಿಂತಿದ್ದರು. ಗಿಡಕ್ಕೆ ಹೊಡೆದ ಹಾಗೆ ಕಾಲಿನಿಂದ ತಲೆಯವರೆಗೂ ಹೊಡೆದ. ಮುಳ್ಳಿಯ ಕಣ್ಣಿಗೆ ಬಿತ್ತು, ಉರಿಯಿತು. ಅವಳು ಸೆರಗಿನಿಂದ ಒರೆಸಿಕೊಂಡಳು. ಅತ್ತೆ ಮಾತ್ರ ತೋಳು ಎತ್ತಿ ಕಂಕುಳು ತೋರಿಸಿದಳು.

"ಇಲ್ಲೂ ಒಂಚೂರು ಹೊಡಿಯಪ್ಪ. ಬಿಟ್ಟಿ ಬಂದಿದ್ದು ಯಾಕೆ ಬಿಡ್ಲಿ?"

ಹೆಂಗಸರನ್ನು ಅಡುಗೆಮನೆಯ ಹಿಂದೆ, ತಟ್ಟೆ ತೊಳೆಯುವ ಕಡೆಗೆ ಅಟ್ಟಿದರು. ಪಾತ್ರೆ ವಾಪಸ್ಸು ಒಯ್ಯುವುದಿತ್ತಲ್ಲ, ಕಾಯುತ್ತಾ ಕುಕ್ಕರುಗಾಲಲ್ಲಿ ಕೂತರು. ಊಟದ ಪರಿಮಳ ಪರದೆಯ ಸಂದಿನಿಂದ ಬಂದು ಹೊಟ್ಟೆ ಮುಟ್ಟಿ ಹೋಗುತ್ತಿತ್ತು. ಒಳಗೆ ಸಂಗೀತ ನಿಂತಿತು. ಮೈಕು ಹಿಡಿದವನ ದನಿ ಉಕ್ಕಿ ಬಂತು.

"ಮಾನ್ಯರೇ, ಒಂದು ಸಿಹಿ ಸುದ್ದಿ! ನಿಮ್ಮ ಮೇಜಿನ ಮೇಲಿರುವ ಈ ಅಪರೂಪದ ಹಳ್ಳಿ ಪಾತ್ರೆಗಳು ಹೂವಿನ ಸಮೇತ ನಿಮಗೇ! ಧಣಿಗಳ ನೆನಪಿನ ಕಾಣಿಕೆ!"

ಚಪ್ಪಾಳೆ ಮಳೆಯಂತೆ ಸುರಿಯಿತು.

"ನಮ್ದಾ?" ಎಂದಳು ಗ್ಯಾರೇಜಿನವನ ಹೆಂಡತಿ. "ಸೂಳೇಮಗ, ನಾನು ಎರಡೆರಡು ಸಲ ಮಸಿ ಹಿಡಿಸಿದ್ದು ಇವ್ನ ನೆಂಟ್ರಿಗಾ?"

ಅಲಂಕಾರದ ಮೇಡಂ ಓಡಿಬಂದಳು. ಅವಳ ಮುಖವೂ ಬಿಳಿಚಿಕೊಂಡಿತ್ತು. "ನಂಗೂ ಗೊತ್ತಿರ್ಲಿಲ್ಲ. ಗಲಾಟೆ ಮಾಡ್ಬೇಡಿ, ಪ್ಲೀಸ್. ಆಮೇಲೆ ಧಣಿ ಹತ್ರ ಮಾತಾಡೋಣ."

"ಆಮೇಲೆ ಅನ್ನೋದ್ರಲ್ಲಿ ಅನ್ನ ಬೇಯಲ್ಲ ಮೇಡಂ" ಎಂದು ಮುಳ್ಳಿ ಎದ್ದಳು. ಪರದೆ ಸರಿಸಿದಳು.

ಒಬ್ಬಳ ಹಿಂದೆ ಒಬ್ಬಳು ಎಂಟು ಜನ ಒಳಹೊಕ್ಕರು. ಮೊದಲ ಮೇಜಿನಲ್ಲಿ ಕೂತಿದ್ದ ದಪ್ಪ ಹೆಂಗಸೊಬ್ಬಳು ಆಗಲೇ ಕೆಟಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಗ್ಯಾರೇಜಿನವನ ಹೆಂಡತಿ ಕೈ ಹಾಕಿದಳು. ಅವಳು ಬಿಡಲಿಲ್ಲ. ಇವಳೂ ಬಿಡಲಿಲ್ಲ.

"ಬಿಡಕ್ಕಾ, ಇದ್ರ ಮುಚ್ಚಳ ನಮ್ಮನೇಲೈತೆ. ಮುಚ್ಚಳ ಇಲ್ದೆ ನೀನೇನು ಮಾಡ್ತೀಯಾ?"

ಆ ಮಾತಿಗೆ ಮೇಜಿನವರೆಲ್ಲಾ ಗೊಳ್ಳೆಂದು ನಕ್ಕರು. ಅಲ್ಲಿಂದ ಹಬ್ಬಿತು ನೋಡಿ. ಹಳ್ಳಿ ಪಾತ್ರೆ, ಹಳ್ಳಿ ಹೂವು, ಈಗ ಹಳ್ಳಿ ಹೆಂಗಸರ ನಾಟಕ! ಧಣಿಯೇ ಏರ್ಪಾಡು ಮಾಡಿಸಿದ್ದಾನೆಂದು ನೆಂಟರಿಗೆ ಖಾತ್ರಿಯಾಯಿತು. ಮೊಬೈಲುಗಳು ಮೇಲೆದ್ದವು. ಹೆಂಗಸರು ಹೂವು ಎತ್ತಿ ಅತಿಥಿಗಳ ಮುಂದಿಟ್ಟು, ನೀರು ಗ್ಲಾಸುಗಳಿಗೆ ಬಗ್ಗಿಸಿ, ಪಾತ್ರೆ ಸೊಂಟಕ್ಕೇರಿಸಿದಷ್ಟೂ ಚಪ್ಪಾಳೆ ಜೋರಾಯಿತು. ಒಬ್ಬ ಮುದುಕ ತಾನೇ ಎದ್ದು ಬಕೆಟ್ಟನ್ನು ಅತ್ತೆಯ ಕೈಗಿಟ್ಟ. ಅತ್ತೆ ಅವನ ಗಲ್ಲ ಹಿಂಡಿದಳು. ಸಿಳ್ಳೆ ಬಿತ್ತು.

ಧಣಿಯ ಸ್ಥಿತಿ ಬಿಸಿ ತುಪ್ಪ ಬಾಯಿಗೆ ಬಿದ್ದವನದಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಬೀಗರು ಪಕ್ಕದಲ್ಲೇ ಕೂತು ನಗುತ್ತಿದ್ದರು, ಅವನೂ ಹಲ್ಲು ಕಿರಿದ. ಮುಳ್ಳಿ ನೇರ ಅವನ ಮೇಜಿಗೆ ಬಂದು ಕರೀ ಮಡಕೆಯಿಂದ ಹೂವನ್ನೆಲ್ಲಾ ಒಂದೇ ಹಿಡಿಯಲ್ಲಿ ಎತ್ತಿದಳು. ದಂಟಿನಿಂದ ಮಸಿ ಬೆರೆತ ನೀರು ತೊಟ್ಟಿಕ್ಕುತ್ತಿತ್ತು.

"ತಗೊಳ್ಳಿ ಧಣಿ. ಕಳೆ ನಿಮ್ಮ ತೋಟದ್ದು. ಮಡಕೆ ನಮ್ದು."

ಎಲ್ಲರ ಕಣ್ಣೆದುರು ಅವನು ಎರಡೂ ಕೈ ಚಾಚಿ ತೆಗೆದುಕೊಳ್ಳಲೇಬೇಕಾಯಿತು. ನಗು ಮುಖದಿಂದ ಅಳಿಸದೆ, ಹಲ್ಲಿನ ಸಂದಿನಿಂದ ಅವಳಿಗಷ್ಟೇ ಕೇಳುವಂತೆ ಅಂದ: "ನಾಳೆ ತೋಟಕ್ಕೆ ಕಾಲಿಟ್ಟು ನೋಡು, ಲೌಡಿ. ಕಾಲು ಮುರಿದು ಕೈಗೆ ಕೊಡ್ತೀನಿ."

ಮೈಕಿನವನು ಕುಣಿಯುತ್ತಾ ಬಂದ. "ಏನಮ್ಮಾ, ಧಣಿಗಳು ಗುಟ್ಟಾಗಿ ಏನೋ ಅಂದ್ರಲ್ಲ? ನಮಗೂ ಹೇಳು!" ಎಂದು ಮೈಕನ್ನು ಅವಳ ಬಾಯಿಗೆ ಹಿಡಿದ.

ಮುಳ್ಳಿ ಮೊದಲ ಸಲ ತನ್ನ ಉಸಿರಾಟವನ್ನು ಅಷ್ಟು ದೊಡ್ಡದಾಗಿ ಕೇಳಿಸಿಕೊಂಡಳು. ಮಡಕೆ ಸೊಂಟದಲ್ಲಿ ಜಾರದಂತೆ ಸರಿಮಾಡಿಕೊಂಡಳು.

"ನಾಳೆ ತೋಟಕ್ಕೆ ಬಂದ್ರೆ ಕಾಲು ಮುರಿದು ಕೈಗೆ ಕೊಡ್ತಾರಂತೆ. ಲೌಡಿ ಅಂದ್ರು."

ಸಭಾಂಗಣ ನಕ್ಕಿತು. ಹಿಂದಿನ ಮೇಜಿನವರು ಕೊನೆಯ ತನಕ ನಕ್ಕರು. ಮುಂದಿನ ಮೇಜಿನವರು ಧಣಿಯ ಮುಖ ನೋಡಿ ನಡುವೆಯೇ ನಿಲ್ಲಿಸಿದರು. ಆಮೇಲೆ ನಗು ಒಂದೊಂದೇ ಮೇಜಿನಿಂದ ಆರುತ್ತಾ ಹೋಯಿತು. ಮದುಮಗಳು ವೇದಿಕೆಯಿಂದ ಎದ್ದು ನಿಂತಳು.

"ಅಪ್ಪಾ, ಇವೆಲ್ಲಾ ಕೊಂಡು ತಂದಿದ್ದು ಅಂದಿದ್ರಲ್ಲ?"

ಮೈಕಿನವನು ಮೈಕು ಹಿಂದೆಳೆಯಲು ನೋಡಿದ. ಮುಳ್ಳಿ ಅವನ ಮಣಿಕಟ್ಟು ಹಿಡಿದಳು. ಅತ್ತೆ, ಗ್ಯಾರೇಜಿನವನ ಹೆಂಡತಿ, ಉಳಿದವರೆಲ್ಲಾ ತಲೆ, ಸೊಂಟ, ಕಂಕುಳ ತುಂಬಾ ಪಾತ್ರೆ ಹೊತ್ತು ಅವಳ ಹಿಂದೆ ಬಂದು ನಿಂತಿದ್ದರು.

"ನಾಳೆ ನಾವು ಎಂಟೂ ಜನ ಬರ್ತೀವಿ ಧಣಿ. ಹದಿನಾರು ಕಾಲು. ಯಾರಿಂದ ಶುರು ಅಂತ ಈಗ್ಲೇ ಹೇಳ್ಬಿಡಿ, ಸಾಲಾಗಿ ನಿಲ್ತೀವಿ."

ಮೈಕಿನವನ ಕೈ ಬಿಟ್ಟು, ತಿರುಗಿ ನಡೆದಳು. ಅಡುಗೆಮನೆಯ ಕಡೆಗಲ್ಲ, ಅತಿಥಿಗಳಿಗೆಂದು ಹಾಸಿದ್ದ ಕೆಂಪು ಹಾಸಿನ ಮೇಲೆ, ದೊಡ್ಡ ಬಾಗಿಲಿನ ಕಡೆಗೆ. ಪಾತ್ರೆಗೆ ಪಾತ್ರೆ ತಾಗಿ ಕಣಕಣ ಎನ್ನುತ್ತಿತ್ತು. ಬಾಗಿಲಲ್ಲಿದ್ದ ಮ್ಯಾನೇಜರ್ ಏನೋ ಅನ್ನಲು ಹೋಗಿ, ಅತ್ತೆಯ ಕೈಯ ಬಕೆಟ್ಟು ನೋಡಿ ಪಕ್ಕಕ್ಕೆ ಸರಿದ.

ಧಣಿ ನಿಂತೇ ಇದ್ದ. ಎರಡು ಕೈ ತುಂಬ ಕಳೆ, ಹೊಸ ಅಂಗಿಯ ತೋಳಿನೊಳಗೆ ಇಳಿಯುತ್ತಿದ್ದ ಮಸಿ ನೀರು. ಅದನ್ನು ಎಲ್ಲಾದರೂ ಇಡೋಣವೆಂದು ಅವನು ಒಂದೊಂದೇ ಮೇಜಿನತ್ತ ನೋಡುತ್ತಾ ಹೋದ. ಇಪ್ಪತ್ತು ಮೇಜಿನಲ್ಲೂ ಒಂದು ಪಾತ್ರೆಯೂ ಇರಲಿಲ್ಲ.