ಅಕ್ಕ ಇಟ್ಟ ಚುಕ್ಕಿ

ಆ ಗ್ರಾಫಿಕ್ಸ್ ಕಾರ್ಡಿಗೆ ಸುರಿದ ದುಡ್ಡಿಗೆ ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಮೆಷಿನ್ ಬರುತ್ತಿತ್ತು, ಮಿಕ್ಕಿದ್ದರಲ್ಲಿ ಹೊಲಿಗೆ ಅಂಗಡಿಯ ಬಾಗಿಲಿಗೆ ಬಣ್ಣವೂ ಆಗುತ್ತಿತ್ತು. ತಂಗಿ ಲೆಕ್ಕ ಗೊತ್ತಿಲ್ಲದವಳಲ್ಲ. ಬಟ್ಟೆಯ ಚೂರನ್ನೂ ಬಿಸಾಡದೆ ಜೇಬಿನ ಒಳಪದರ ಮಾಡುವ ದರ್ಜಿ. ಆದರೆ ಅಕ್ಕ ದೂರದ ಊರಿನ ಆಸ್ಪತ್ರೆಗೆ ನರ್ಸ್ ಆಗಿ ಹೋದ ಮೇಲೆ ಇಬ್ಬರೂ ಸಿಗುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಕಂಪ್ಯೂಟರಿನ ಕಾರ್ ಆಟದಲ್ಲಿ ಮಾತ್ರ. ಮುಂದಿನ ಕಾರು ಅಕ್ಕನದು, ಹಿಂದಿನದು ತಂಗಿಯದು, ಕಿವಿಗೆ ಹೆಡ್‌ಫೋನ್. ಫೋನಿನಲ್ಲಿ ಅಕ್ಕ "ಊಟ ಆಯ್ತಾ, ಸರಿ ಇಡ್ತೀನಿ" ಅನ್ನುವ ಜಾತಿ. ಆಟದಲ್ಲಾದರೆ ಬಾಯಿ ಬಿಡುತ್ತಿದ್ದಳು.

ಈಚೆಗೆ ಚಿತ್ರ ತಡೆದು ತಡೆದು ಬಂದು ತಂಗಿಯ ಕಾರು ಪ್ರತಿ ತಿರುವಿನಲ್ಲೂ ಸಿಕ್ಕಿಹಾಕಿಕೊಳ್ಳುತ್ತಿತ್ತು. "ಹೀಗೇ ಆದ್ರೆ ನಾನು ಮಲ್ಕೋತೀನಿ ಕಣೇ, ಡ್ಯೂಟಿ ಮುಗಿಸಿ ಬಂದಿರೋ ಕಣ್ಣು" ಎಂದಿದ್ದಳು ಅಕ್ಕ. ಆ ಹೆದರಿಕೆಗೇ, ಚಿತ್ರವನ್ನು ಸರಾಗವಾಗಿ ಓಡಿಸುವ ಆ ಕಾರ್ಡು ಬಂದದ್ದು.

ಕಂಪ್ಯೂಟರ್ ಅಂಗಡಿಯವನು ಪೆಟ್ಟಿಗೆಯೊಳಗೆ ಕಾರ್ಡು ಕೂರಿಸಿ ಕೊಟ್ಟ. ಮನೆಗೆ ತಂದು ವೈರು ಚುಚ್ಚಿದವಳು ತಂಗಿ. ಭಾನುವಾರ ಬಂತು, ಚಿತ್ರ ಮಾತ್ರ ಮೊದಲಿನಂತೆಯೇ ಮುಗ್ಗರಿಸಿತು.

"ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಹಾಕಿದೀಯಾ?" ಅಕ್ಕ ಕೇಳಿದಳು.

"ಹಾಕಿದೀನಿ. ಆಫ್ ಮಾಡಿ ಆನ್ ಕೂಡ ಮಾಡಿದೆ. ನೀರೊಂದು ಕುಡಿಸಿಲ್ಲ ಅಷ್ಟೇ."

"ನಾಲಿಗೆ ಉದ್ದ ಆಯ್ತು ನಿಂದು. ಬೆನ್ನು ತೋರ್ಸು."

"ನಂದಾ?"

"ಪೆಟ್ಟಿಗೇದು ಕಣೇ ಕತ್ತೆ! ಫೋಟೋ ಕಳ್ಸು."

ಫೋಟೋ ನೋಡಿ ಅಕ್ಕ ನಕ್ಕಳು. "ಮಾನಿಟರ್ ವೈರು ಹಳೇ ತೂತಲ್ಲೇ ಇದೆಯಲ್ಲೇ! ಕೆಳಗೆ ಹೊಸ ಕಾರ್ಡಿಂದು ಖಾಲಿ ಬಿದ್ದಿದೆ. ಪಾಪ, ಕಾರ್ಡು ಸುಮ್ನೆ ಗೊರಕೆ ಹೊಡೀತಿದೆ."

"ಕೆಂಪು ಚುಕ್ಕಿ ಇರೋದು ಅಲ್ಲೇ ತಾನೆ?"

ಅಕ್ಕನ ನಗು ನಿಂತಿತು. ಊರು ಬಿಡುವ ಮುಂಚೆ, ತಾನಿಲ್ಲದಾಗ ತಂಗಿ ತಡಕಾಡಬಾರದೆಂದು ಮಾನಿಟರ್ ವೈರಿಗೂ ಅದರ ತೂತಿಗೂ ನೇಲ್ ಪಾಲಿಷ್ ಚುಕ್ಕಿ ಇಟ್ಟವಳು ಅವಳೇ. ಇಬ್ಬರೂ ಒಟ್ಟಿಗೆ ಹೊಲಿಯುತ್ತಿದ್ದ ಕಾಲದಿಂದಲೂ ಅವರ ಪದ್ಧತಿ ಅದು: ಅಕ್ಕ ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುವುದು, ತಂಗಿ ಅದರ ಮೇಲೆ ಕತ್ತರಿ ಆಡಿಸುವುದು. ಗೆರೆ ದಾಟಿ ಒಂದು ಎಳೆ ನೂಲನ್ನೂ ಆಕೆ ಕತ್ತರಿಸಿದವಳಲ್ಲ.

"ಚುಕ್ಕಿ ಕಥೆ ಮುಗೀತು. ಕೆಳಗಡೇದಕ್ಕೆ ಹಾಕು."

"ಹಾಕ್ಲಾ ಅಕ್ಕ?"

"ಹಾಕು ಅಂದೆನಲ್ಲ!"

ಹಾಕಿದಳು. ರಸ್ತೆ ಎಣ್ಣೆ ಹೊಯ್ದಂತೆ ಹರಿಯಿತು. ಬೆಟ್ಟ, ಸುರಂಗ, ಉದ್ದನೆಯ ಸೇತುವೆ, ಎಲ್ಲ ಕಡೆಯೂ ಎರಡು ಕಾರು ಅಕ್ಕಪಕ್ಕ. ಆ ವೇಗದಲ್ಲಿ ಮಾತಾಡಲು ಯಾರಿಗೆ ಪುರುಸೊತ್ತು? ಮೊದಲಾದರೆ ತಿರುವುಗಳಲ್ಲಿ ತಂಗಿಯ ಕಾರು ಬರಲೆಂದು ಅಕ್ಕ ತನ್ನ ಕಾರು ನಿಲ್ಲಿಸಿ ಕಾಯುತ್ತಿದ್ದಳು. ಕಾಯುತ್ತಾ ವಾರ್ಡಿನ ಮುದುಕನ ಹಟ, ಬಾಡಿಗೆ ಮನೆಯ ಯಜಮಾನಿಯ ಕಾಟ, ತನ್ನ ಮಂಡಿನೋವು ಎಲ್ಲ ಹೇಳುತ್ತಿದ್ದಳು. ಇಡೀ ಮಧ್ಯಾಹ್ನ ತಿನ್ನುತ್ತಿದ್ದ ದಾರಿ ಇವತ್ತು ಲೋಟದ ಟೀ ಆರುವುದರೊಳಗೆ ಕಡಲ ದಂಡೆ ಮುಟ್ಟಿತು.

"ಅಬ್ಬಾ, ಬೆಣ್ಣೆ ಥರ ಓಡ್ತು ಕಣೇ! ಬೇಗ ಮುಗೀತಲ್ಲ, ಸ್ವಲ್ಪ ಮಲ್ಕೋತೀನಿ. ಬರೋ ವಾರ ಸಿಗ್ತೀನಿ, ಆಯ್ತಾ?"

ಇನ್ನೊಂದು ಸುತ್ತು ಅನ್ನುವ ಮಾತು ತಂಗಿಯ ಗಂಟಲಿಗೆ ಬಂದಿತ್ತು. ಅಕ್ಕನ ಆಕಳಿಕೆ ಕೇಳಿ ಅದನ್ನು ನುಂಗಿದಳು.

"ಮಲ್ಕೋ ಅಕ್ಕ."

ಚಿತ್ರ ಸರಾಗವಾಯಿತು, ಭಾನುವಾರದ ಆಟ ಉಳಿಯಿತು, ಅಕ್ಕನಿಗೆ ನಿದ್ದೆ ಸಿಕ್ಕಿತು. ಕಾಯುತ್ತಾ ಅವಳು ಆಡುತ್ತಿದ್ದ ಮಾತು ಹೋಯಿತು.